ಮುಗಿಯದ ಹಾಡನ್ನು ಕೇಳಿ ಮುಗಿಸುವುದು ಹೇಗೆ? ಜ್ಯಾಮ್ ಬ್ಯಾಂಡ್ ಕೇಳುಗರಿಗೆ ಹದಿಮೂರು ಸೂತ್ರಗಳು

ಅಮೆರಿಕದ ಗ್ರೇಟ್‌ಫುಲ್ ಡೆಡ್ ಬ್ಯಾಂಡು 1965ರಿಂದ 1995ರವರೆಗೆ, ಮೂವತ್ತು ವರ್ಷದಲ್ಲಿ, ಸುಮಾರು 2,300 ಕಛೇರಿ ಕೊಟ್ಟಿತು. ಅವುಗಳಲ್ಲಿ ಬಹುಪಾಲು ಯಾವುದಾದರೊಂದು ಟೇಪಿನಲ್ಲಿ ಉಳಿದಿವೆ. ನಿನ್ನೆ ನುಡಿಸಿದ ಹಾಗೆ ಇವತ್ತು ನುಡಿಸಬಾರದು, ನಾಲ್ಕು ನಿಮಿಷದ ಹಾಡು ಇಪ್ಪತ್ತು ನಿಮಿಷಕ್ಕೆ ಹೋದರೆ ಹೋಗಲಿ ಎಂಬುದು ಇವರ ಧೋರಣೆ. ಜ್ಯಾಮ್ ಬ್ಯಾಂಡ್ ಎಂದು ಈಗ ಕರೆಯುವ ಪಂಗಡಕ್ಕೆ ಮೂಲಪುರುಷರು ಇವರೇ. 1983ರಲ್ಲಿ ವರ್ಮಾಂಟ್‌ನಲ್ಲಿ ಹುಟ್ಟಿದ ಫಿಶ್ ಮೊದಲಾದವರು ಅದೇ ದಾರಿಯಲ್ಲಿ ಬಂದವರು.

ಹೊಸಬರು ಇಲ್ಲಿ ಸೋಲುವ ರೀತಿ ಒಂದೇ. ಯಾರೋ ‘ಅದ್ಭುತ’ ಎಂದರೆಂದು ನಡುವಿನಿಂದ ಒಂದು ಹಾಡು ಹಾಕುತ್ತಾರೆ, ಐದು ನಿಮಿಷ ಕಾಯುತ್ತಾರೆ, ‘ಏನಪ್ಪಾ ಇದು, ಎಲ್ಲಿಗೂ ಹೋಗುತ್ತಲೇ ಇಲ್ಲ’ ಎಂದು ಆಫ್ ಮಾಡುತ್ತಾರೆ. ಅರ್ಧ ಗಂಟೆ ಒಂದೇ ರಾಗ ಕೇಳುವ ಅಭ್ಯಾಸವಿರುವ ನಮಗೆ ಇದು ಕಷ್ಟವಾಗಬಾರದು. ಮುಂದೇನಾಗುತ್ತದೆ ಎಂದು ಕಾಯುವುದನ್ನು ಬಿಟ್ಟು, ವೇದಿಕೆಯ ಮೇಲೆ ಯಾರು ಯಾರನ್ನು ಕೇಳಿಸಿಕೊಳ್ಳುತ್ತಿದ್ದಾರೆ ಎಂದು ಹುಡುಕಿದರೆ ಸಾಕು, ಬಾಗಿಲು ತೆರೆಯುತ್ತದೆ. ಕೆಳಗಿನ ಸೂತ್ರಗಳೆಲ್ಲ ಆ ಹುಡುಕಾಟಕ್ಕೇ.

1. ಒಂದು ರಾತ್ರಿಯನ್ನು ಆರಿಸಿ, ಅದನ್ನೇ ಹಿಡಿದು ಕೂರಿ

ಎರಡು ಸಾವಿರ ಕಛೇರಿಗಳ ಮುಂದೆ ನಿಂತು ಅದರಿಂದಿಷ್ಟು ಇದರಿಂದಿಷ್ಟು ರುಚಿ ನೋಡಿದರೆ ಯಾವುದೂ ಕಿವಿಯಲ್ಲಿ ನಿಲ್ಲುವುದಿಲ್ಲ. 1977ರ ಮೇ 8ನ್ನು ಹಿಡಿಯಿರಿ. ಊರು ಇಥಾಕ, ನ್ಯೂಯಾರ್ಕ್ ರಾಜ್ಯ. ಜಾಗ ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲ್, ಅಂದರೆ ಸೈನಿಕ ಕವಾಯತಿಗೆಂದು ಕಟ್ಟಿದ ದೊಡ್ಡ ಕಲ್ಲುಕಟ್ಟಡ. ಅವತ್ತು ಭಾನುವಾರ, ಅಮೆರಿಕದವರ ತಾಯಂದಿರ ದಿನ. ಮೇ ತಿಂಗಳಾದರೂ ಆ ರಾತ್ರಿ ಹೊರಗೆ ಹಿಮ ಬಿತ್ತು.

ಇದೇ ಶ್ರೇಷ್ಠ ಕಛೇರಿಯೋ ಎಂಬ ಜಗಳ ಡೆಡ್‌ಹೆಡ್‌ಗಳ, ಅಂದರೆ ಈ ಬ್ಯಾಂಡಿನ ಅಭಿಮಾನಿಗಳ, ನಡುವೆ ಇನ್ನೂ ನಿಂತಿಲ್ಲ. ಈ ಕಛೇರಿ ನಡೆದೇ ಇಲ್ಲ, ಎಲ್ಲ ಸಿಐಎ ಹೂಡಿದ ಆಟ ಎಂಬ ತಮಾಷೆಯೂ ಅವರಲ್ಲಿ ಚಾಲ್ತಿಯಲ್ಲಿದೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅಂತೂ ಇದನ್ನು ಕಾಪಾಡಬೇಕಾದ ರಾಷ್ಟ್ರೀಯ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿದೆ. ಶ್ರೇಷ್ಠವೋ ಅಲ್ಲವೋ, ಕಲಿಯುವುದಕ್ಕೆ ಇದರಷ್ಟು ಒಳ್ಳೆಯ ಪಾಠ ಸಿಗುವುದಿಲ್ಲ: ಮುದ್ರಣ ಶುದ್ಧವಾಗಿದೆ, ಬ್ಯಾಂಡು ಹದದಲ್ಲಿದೆ, ಎರಡೂವರೆ ಗಂಟೆ ಮೀರಿದ ಇಡೀ ರಾತ್ರಿ ಮೊದಲಿನಿಂದ ಕೊನೆಯವರೆಗೆ ಸಿಗುತ್ತದೆ.

2. ನಿಮ್ಮ ಕೈಯಲ್ಲಿರುವುದು ಯಾವ ಟೇಪು ಎಂದು ಮೊದಲು ತಿಳಿದುಕೊಳ್ಳಿ

ಒಂದೇ ಕಛೇರಿ, ಮೂರು ಬಗೆಯ ಟೇಪು. ಮೊದಲನೆಯದು ಸೌಂಡ್‌ಬೋರ್ಡ್. ಮಿಕ್ಸರಿನಿಂದ ನೇರ ತಂತಿ ಎಳೆದು ಮುದ್ರಿಸಿದ್ದು. ಪ್ರತಿ ವಾದ್ಯವೂ ಬಿಡಿಬಿಡಿಯಾಗಿ ಕೇಳಿಸುತ್ತದೆ, ಆದರೆ ಸಭೆ ದೂರದಲ್ಲೆಲ್ಲೋ ಕೂತಿರುತ್ತದೆ. ಚಿಕ್ಕ ಹಾಲುಗಳ ಸೌಂಡ್‌ಬೋರ್ಡಿನಲ್ಲಿ ಇನ್ನೊಂದು ಪೇಚು: ಗಿಟಾರಿನ ಆಂಪ್ಲಿಫೈಯರು ನೇರವಾಗಿಯೇ ಹಾಲು ತುಂಬುವಷ್ಟು ಜೋರಾಗಿದ್ದರೆ ಮಿಕ್ಸರಿನಲ್ಲಿ ಅದನ್ನು ತಗ್ಗಿಸಿರುತ್ತಾರೆ. ಟೇಪಿನಲ್ಲಿ ಕಂಠ ಮಾತ್ರ ಮುಂದೆ ಬಂದು ಗಿಟಾರು ಬಡಕಲಾಗುತ್ತದೆ. ಅದನ್ನು ಕೇಳಿ ‘ಅವತ್ತು ಗಿಟಾರಿನವನು ಅಳುಕಿದ’ ಎಂದು ತೀರ್ಪು ಕೊಟ್ಟರೆ ತಪ್ಪು ನುಡಿಸಿದವನದಲ್ಲ.

ಎರಡನೆಯದು ಸಭೆಯ ನಡುವಿನಿಂದ ಮೈಕು ಎತ್ತಿ ಹಿಡಿದು ಮುದ್ರಿಸಿದ್ದು. ಪಕ್ಕದವನ ಕೆಮ್ಮು, ಹಾಲಿನ ಗುಂಯ್‌ಗುಡುವಿಕೆ, ಚಪ್ಪಾಳೆ ಎಲ್ಲವೂ ಇರುತ್ತವೆ. ಆದರೆ ಆ ರಾತ್ರಿ ಎಷ್ಟು ಬಿಸಿಯಾಗಿತ್ತು ಎಂಬುದು ಇದರಲ್ಲೇ ಗೊತ್ತಾಗುವುದು. ಹೀಗೆ ಮುದ್ರಿಸುವ ಟೇಪರುಗಳನ್ನು ಬ್ಯಾಂಡು ಓಡಿಸಲಿಲ್ಲ. ಅವರ ಮೈಕುಗಳ ಕಾಡು ಇತರರ ನೋಟಕ್ಕೆ ಅಡ್ಡ ಬಂದಾಗ 1984ರ ಅಕ್ಟೋಬರಿನಿಂದ ಅವರಿಗೆಂದೇ ಬೇರೆ ಜಾಗ, ಬೇರೆ ಟಿಕೆಟ್ ಕೊಟ್ಟಿತು. ಮೂರನೆಯದು ಮೇಟ್ರಿಕ್ಸ್, ಅಂದರೆ ಎರಡನ್ನೂ ಹೊಂದಿಸಿ ಬೆರೆಸಿದ್ದು.

ಕಾರ್ನೆಲ್ ಟೇಪಿನದು ಬೇರೆಯೇ ಕತೆ. ಬೆಟ್ಟಿ ಕ್ಯಾಂಟರ್-ಜ್ಯಾಕ್ಸನ್ ಎಂಬ ಧ್ವನಿಮುದ್ರಕಿ ಸಭೆಗೆ ಹೋಗುವ ಮಿಕ್ಸನ್ನು ನೆಚ್ಚದೆ, ಟೇಪಿಗೆಂದೇ ತಾನೇ ಪ್ರತ್ಯೇಕ ಮಿಕ್ಸ್ ಮಾಡಿಕೊಳ್ಳುತ್ತಿದ್ದಳು. ಅವಳ ರೀಲುಗಳಿದ್ದ ಗೋದಾಮಿನ ಬಾಡಿಗೆ ಬಾಕಿ ಬಿದ್ದು, ಅವು 1986ರಲ್ಲಿ ಹರಾಜಾದವು. ಕೊಂಡವರ ಕೈಯಿಂದ ನಕಲುಗಳು ಹೊರಬಿದ್ದು ‘ಬೆಟ್ಟಿ ಬೋರ್ಡ್ಸ್’ ಎಂದು ಊರೂರು ಸುತ್ತಿದವು. ಅಧಿಕೃತ ಆಲ್ಬಂ ಬಂದದ್ದು ನಲವತ್ತು ವರ್ಷ ಕಳೆದು, 2017ರಲ್ಲಿ. ಈ ಕಛೇರಿಯ ಖ್ಯಾತಿಯಲ್ಲಿ ಅರ್ಧ ಪಾಲು ಬೆಟ್ಟಿಯ ಕಿವಿಗೆ ಸಲ್ಲಬೇಕು ಎಂಬುದು ನನ್ನ ಅಭಿಪ್ರಾಯ. ಅದೇ ವರ್ಷ ಅಷ್ಟೇ ಚೆನ್ನಾಗಿ ನುಡಿಸಿ, ಕೆಟ್ಟ ಟೇಪಿನಲ್ಲಿ ಸಿಕ್ಕಿಬಿದ್ದು ಮರೆತುಹೋದ ರಾತ್ರಿಗಳು ಇಲ್ಲದೆ ಇರಲಾರವು.

3. ಫೋನಿನ ಸ್ಪೀಕರಿನಲ್ಲಿ ಕೇಳಬೇಡಿ

ಬಾಸ್ ಗಿಟಾರು ಅದರಲ್ಲಿ ಬರುವುದೇ ಇಲ್ಲ. ಬಾಸ್ ಇಲ್ಲದ ಗ್ರೇಟ್‌ಫುಲ್ ಡೆಡ್ ಎಂದರೆ ಅರ್ಧ ಸಂಭಾಷಣೆ. ಸಾಧಾರಣ ಹೆಡ್‌ಫೋನಾದರೂ ಸಾಕು.

4. ಆ ತಿಂಗಳು ಬ್ಯಾಂಡಿನ ಮನೆಯಲ್ಲಿ ಏನು ನಡೆದಿತ್ತು, ಕೇಳಿಕೊಳ್ಳಿ

ಕಛೇರಿ ಆಕಾಶದಿಂದ ಉದುರುವುದಿಲ್ಲ. 1977ರ ಮೊದಲ ತಿಂಗಳುಗಳಲ್ಲಿ ಇವರು ಲಾಸ್ ಏಂಜಲಿಸ್‌ನ ಸ್ಟುಡಿಯೋದಲ್ಲಿ ‘ಟೆರಪಿನ್ ಸ್ಟೇಷನ್’ ಆಲ್ಬಂ ಮುದ್ರಿಸುತ್ತಿದ್ದರು. ನಿರ್ಮಾಪಕ ಕೀತ್ ಓಲ್ಸನ್ ಇವರ ಸಡಿಲು ಬುದ್ಧಿಗೆ ಲಗಾಮು ಹಾಕಿ, ಒಂದೇ ಭಾಗವನ್ನು ಮತ್ತೆಮತ್ತೆ ನುಡಿಸಿಸಿದ. ಆ ಸಾಧಕದ ಬಿಗಿ ಮೇ ತಿಂಗಳ ಕಛೇರಿಗಳಲ್ಲೆಲ್ಲ ಕೇಳುತ್ತದೆ: ಹಾಡು ಶುರುವಾಗುವಲ್ಲಿ ತಡವರಿಕೆಯಿಲ್ಲ, ನಿಲ್ಲುವಲ್ಲಿ ಚೆಲ್ಲಾಪಿಲ್ಲಿಯಿಲ್ಲ. ಜೂನ್‌ನಲ್ಲಿ ಡ್ರಮ್ಸ್ ನುಡಿಸುವ ಮಿಕಿ ಹಾರ್ಟ್ ಕಾರು ಅಪಘಾತಕ್ಕೆ ಸಿಕ್ಕಿ ಬ್ಯಾಂಡಿನ ಬೇಸಿಗೆಯ ಸಂಚಾರವೇ ನಿಂತಿತು.

5. ಹಾಡುಗಳ ಪಟ್ಟಿಯನ್ನು ಮೊದಲ ಸಲ ಮುಚ್ಚಿಡಿ

ಮುಂದಿನ ಹಾಡು ಯಾವುದೆಂದು ನುಡಿಸುವವರೇ ಎಷ್ಟೋ ಸಲ ವೇದಿಕೆಯ ಮೇಲೇ ತೀರ್ಮಾನಿಸುತ್ತಿದ್ದರು. ನೀವು ಮೊದಲೇ ತಿಳಿದು ಕೂತರೆ ಅವರಿಗಿಂತ ಬುದ್ಧಿವಂತರಾಗುತ್ತೀರಿ, ಲಾಭವೇನೂ ಇಲ್ಲ. ಎರಡನೆಯ ಸಲ ಕೇಳುವಾಗ ಪಟ್ಟಿ ತೆರೆಯಿರಿ.

6. ಮೊದಲ ಸೆಟ್ಟನ್ನು ಹಾರಿಸಬೇಡಿ

ಎಲ್ಲರೂ ಎರಡನೆಯ ಸೆಟ್ಟಿಗೆ, ಅಂದರೆ ವಿರಾಮದ ನಂತರದ ಭಾಗಕ್ಕೆ, ನೆಗೆಯುತ್ತಾರೆ, ಹಾಡನ್ನು ಅಲ್ಲಲ್ಲೇ ಬೆಳೆಸಿಕೊಂಡು ಹೋಗುವ ದೊಡ್ಡ ಜ್ಯಾಮುಗಳಿರುವುದು ಅಲ್ಲೇ ಎಂದು. ಮೊದಲ ಸೆಟ್ಟಿನಲ್ಲಿ ಚಿಕ್ಕ ಹಾಡುಗಳು: ಮಾರ್ಟಿ ರಾಬಿನ್ಸ್ 1959ರಲ್ಲಿ ಹಾಡಿದ ‘ಎಲ್ ಪಾಸೊ’, ಮರ್ಲ್ ಹ್ಯಾಗರ್ಡನ ‘ಮಾಮಾ ಟ್ರೈಡ್’, ಇವರದೇ ‘ಜ್ಯಾಕ್ ಸ್ಟ್ರಾ’, ‘ಬ್ರೌನ್-ಐಡ್ ವಿಮೆನ್’. ನಮ್ಮ ಗಾಯಕರು ವರ್ಣ ಹಾಡಿ ಗಂಟಲು ಹದಮಾಡಿಕೊಳ್ಳುವ ಹಾಗೆ ಇವರು ಇಲ್ಲಿ ಒಬ್ಬರ ಕೈಯನ್ನೊಬ್ಬರು ಅಳೆದುಕೊಳ್ಳುತ್ತಾರೆ. ನಿಮ್ಮ ಕಿವಿಗೂ ಇದೇ ಹೊತ್ತಿನಲ್ಲಿ ಯಾರ ಸದ್ದು ಯಾವುದೆಂಬ ಪರಿಚಯವಾಗುತ್ತದೆ. ಆ ಪರಿಚಯವಿಲ್ಲದೆ ಜ್ಯಾಮಿನೊಳಗೆ ಹೋದರೆ ಸಿಗುವುದು ಬರೀ ಗದ್ದಲ.

ಸೆಟ್ಟಿನ ಕೊನೆಗೆ ‘ಡಾನ್ಸಿಂಗ್ ಇನ್ ದ ಸ್ಟ್ರೀಟ್’ ಬರುತ್ತದೆ. 1964ರ ಮೋಟೌನ್ ಹಾಡಿಗೆ ಡಿಸ್ಕೊ ಉಡುಪು ತೊಡಿಸಿ ಕಾಲು ಗಂಟೆ ಬೆಳೆಸಿದ್ದಾರೆ. ಡಿಸ್ಕೊ ಎಂದು ಮೂಗು ಮುರಿದ ಹಳೆಯ ಅಭಿಮಾನಿಗಳು ಆಗಲೂ ಇದ್ದರು, ಈಗಲೂ ಇದ್ದಾರೆ. ಅವರ ಮಾತು ಕೇಳಬೇಡಿ. ಆ ರಾತ್ರಿ ಬ್ಯಾಂಡು ಮೊದಲ ಸಲ ಮೈಬಿಟ್ಟು ಓಡುವುದು ಇಲ್ಲೇ.

7. ಒಂದು ಸಲಕ್ಕೆ ಒಬ್ಬರನ್ನೇ ಹಿಂಬಾಲಿಸಿ

ಇದು ಎಲ್ಲಕ್ಕಿಂತ ಫಲ ಕೊಡುವ ಸೂತ್ರ. ಒಂದೇ ಹಾಡನ್ನು ಹಲವು ಸಲ ಹಾಕಿ, ಪ್ರತಿ ಸಲವೂ ಬೇರೆ ಒಬ್ಬರ ಬೆನ್ನು ಹಿಡಿಯಿರಿ.

ಶುರು ಮಾಡಬೇಕಾದ್ದು ಬಾಸಿನ ಫಿಲ್ ಲೆಶ್‌ನಿಂದ. ಆತ ಕಲಿತದ್ದು ಟ್ರಂಪೆಟ್ ಮತ್ತು ಪಾಶ್ಚಾತ್ಯ ಶಾಸ್ತ್ರೀಯ ಸಂಯೋಜನೆ. ಇಟಲಿಯ ಸಂಯೋಜಕ ಲುಚಾನೊ ಬೆರಿಯೊ ಬಳಿ ಪಾಠವಾಗಿತ್ತು. ಬ್ಯಾಂಡಿಗೆ ಸೇರಿದ ಮೇಲೆಯೇ ಬಾಸ್ ಕೈಗೆತ್ತಿಕೊಂಡದ್ದು. ಹಾಗಾಗಿ ಬೇರೆ ಬ್ಯಾಂಡುಗಳ ಬಾಸಿನವರಂತೆ ತಳದಲ್ಲಿ ಒಂದೇ ಪಟ್ಟು ಹಿಡಿದು ಕೂರುವ ಅಭ್ಯಾಸ ಆತನಿಗೆ ಇಲ್ಲ. ಗಿಟಾರು ಮೇಲೇರಿದರೆ ತಾನು ಇಳಿಯುತ್ತಾನೆ, ಗಿಟಾರು ನಿಂತರೆ ತಾನು ಮಾತಾಡುತ್ತಾನೆ.

ಆಮೇಲೆ ಬಾಬ್ ವಿಯರ್. ಎರಡನೆಯ ಗಿಟಾರು, ಹದಿನೇಳರ ಹುಡುಗನಾಗಿ ಸೇರಿದವನು. ಈತನದು ಮೊದಲಿಗೆ ಕಿವಿಗೆ ಬೀಳುವುದೇ ಇಲ್ಲ. ಜಾಝ್ ದಿಗ್ಗಜ ಕೊಲ್ಟ್ರೇನ್‌ನ ತಂಡದ ಪಿಯಾನೊ ವಾದಕ ಮೆಕಾಯ್ ಟೈನರ್‌ನನ್ನು ಕೇಳಿ ಕಲಿತೆ ಎಂದು ಆತ ಹೇಳಿಕೊಂಡದ್ದುಂಟು. ಆ ಸುಳಿವು ಸಿಕ್ಕಮೇಲೆ ಕೇಳಿದರೆ ಅರ್ಥವಾಗುತ್ತದೆ: ಚೂರುಚೂರು ಸ್ವರಪುಂಜಗಳನ್ನು ಬೇರೆಯವರು ಬಿಟ್ಟ ಸಂದಿಗಳಲ್ಲಿ ಮಾತ್ರ ಇಡುತ್ತಿರುತ್ತಾನೆ. ಪಕ್ಕವಾದ್ಯ ನುಡಿಸುವವರು ಈತನನ್ನು ಕೂತು ಕೇಳಬೇಕು.

ಜೆರ್ರಿ ಗಾರ್ಸಿಯಾನ ಗಿಟಾರನ್ನು ಹುಡುಕಬೇಕಾದ್ದಿಲ್ಲ, ಅದೇ ಬಂದು ಮಾತಾಡಿಸುತ್ತದೆ. ಗಮನಿಸಬೇಕಾದ್ದು ಆತ ಸ್ವರಗಳನ್ನು ಒಂದಕ್ಕೊಂದು ಅಂಟಿಸದೆ ಬಿಡಿಬಿಡಿಯಾಗಿ ಮೀಟುವ ರೀತಿ. ಬ್ಯಾಂಜೊ ನುಡಿಸಿ ಪಳಗಿದ ಕೈ ಅದು. ಬಲಗೈಯ ನಡುಬೆರಳಿನ ಬಹುಭಾಗ ಎಳವೆಯಲ್ಲೇ ಸೌದೆ ಸೀಳುವಾಗ ಹೋಗಿತ್ತು.

ಡ್ರಮ್ಸಿಗೆ ಇಬ್ಬರು, ಬಿಲ್ ಕ್ರೂಟ್ಸ್‌ಮನ್ ಮತ್ತು ಮಿಕಿ ಹಾರ್ಟ್. ಮೊದಲಿಗೆ ಒಂದೇ ಸದ್ದಾಗಿ ಕೇಳುತ್ತಾರೆ. ಹೆಡ್‌ಫೋನಿನಲ್ಲಿ ಸ್ವಲ್ಪ ತಾಳ್ಮೆ ವಹಿಸಿದರೆ ಇಬ್ಬರೂ ಒಂದನ್ನೇ ನುಡಿಸುತ್ತಿಲ್ಲ ಎಂಬುದು ಬಿಡಿಸಿಕೊಳ್ಳುತ್ತದೆ. ಪಿಯಾನೊದ ಕೀತ್ ಗಾಡ್‌ಶಾ ಉಳಿದವರ ಅಬ್ಬರದಲ್ಲಿ ಮುಳುಗುತ್ತಾನೆ. ಹಾಡು ತಣ್ಣಗಾದಾಗ ಹುಡುಕಿ.

8. ಬಾಣದ ಗುರುತಿದ್ದಲ್ಲಿ ಉಸಿರು ಬಿಗಿಹಿಡಿಯಿರಿ

ಡೆಡ್‌ಹೆಡ್‌ಗಳು ಹಾಡಿನ ಪಟ್ಟಿ ಬರೆಯುವಾಗ, ಒಂದು ಹಾಡು ನಿಲ್ಲದೆ ಇನ್ನೊಂದಕ್ಕೆ ಹರಿದರೆ ನಡುವೆ ಬಾಣ ಹಾಕುತ್ತಾರೆ. ಆ ಬಾಣವೇ ಜ್ಯಾಮ್ ಬ್ಯಾಂಡಿನ ಜೀವಾಳ. ಹಾಡು ಬರೆದಿಟ್ಟದ್ದು, ಬಾಣ ಆ ಕ್ಷಣದ್ದು.

ಕಾರ್ನೆಲ್‌ನ ಎರಡನೆಯ ಸೆಟ್ಟು ಶುರುವಾಗುವುದೇ ಅಂಥ ಜೋಡಿಯಿಂದ: ‘ಸ್ಕಾರ್ಲೆಟ್ ಬಿಗೋನಿಯಾಸ್’, ಬಾಣ, ‘ಫೈರ್ ಆನ್ ದ ಮೌಂಟನ್’. ಎರಡೂ ಸೇರಿ ಇಪ್ಪತ್ತೈದು ನಿಮಿಷ ಮೀರುತ್ತವೆ. ಮೊದಲನೆಯದು 1974ರ ಹಾಡು. ಎರಡನೆಯದು ಆಗ ಹೊಚ್ಚ ಹೊಸದು. ಎರಡನ್ನೂ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಮೊದಲ ಸಲ ಬೆಸೆದು ಎರಡು ತಿಂಗಳೂ ಆಗಿರಲಿಲ್ಲ. ಅಭ್ಯಾಸ ಇನ್ನೂ ಸವೆದು ನುಣುಪಾಗಿರಲಿಲ್ಲ. ಹಾಗಾಗಿಯೇ ಎಲ್ಲರೂ ಎಚ್ಚರವಾಗಿದ್ದಾರೆ.

ಈ ಬೆಸುಗೆಯನ್ನು ಹೀಗೆ ಕೇಳಿ. ‘ಸ್ಕಾರ್ಲೆಟ್’ನ ಸಾಹಿತ್ಯ ಮುಗಿಯುತ್ತದೆ, ತಾಳ ಮಾತ್ರ ಉರುಳುತ್ತಿರುತ್ತದೆ. ಗಾರ್ಸಿಯಾ ಕೆಲವು ಎಳೆಗಳನ್ನು ಎಳೆದು ಬಿಡುತ್ತಾನೆ. ಯಾವುದನ್ನೂ ಪೂರ್ತಿ ಹೇಳುವುದಿಲ್ಲ. ಬ್ಯಾಂಡಿನ ಗಾಯಕಿ ಡಾನಾ ಜೀನ್ ಗಾಡ್‌ಶಾಳ ಕಂಠ ಪದಗಳಿಲ್ಲದೆ ಸುಳಿದು ಹೋಗುತ್ತದೆ. ಇಲ್ಲಿ ಹೊಸಬರಿಗೆ ಬೇಸರ ಬರುವುದು ಸಹಜ, ಮುನ್ನಡೆಯೇ ಇಲ್ಲವೆನಿಸುತ್ತದೆ. ಆಗ ಬಾಸಿಗೆ ಕಿವಿ ಕೊಡಿ. ಮುಂದಿನ ಹಾಡಿನ ಕುರುಹು ಬಾಸಿನಲ್ಲಿ ಮೊದಲು ಕಾಣಿಸುತ್ತದೆ, ಸುತ್ತಲಿನವರು ಇನ್ನೂ ಹಿಂದಿನ ಹಾಡಿನಲ್ಲೇ ಇರುವಾಗ. ಡ್ರಮ್ಸಿನ ನಡೆ ಗೊತ್ತಾಗದ ಹಾಗೆ ಸಡಿಲುತ್ತದೆ. ಎಲ್ಲರೂ ದಾಟಿಯಾದ ಮೇಲೆ ‘ಯಾವಾಗ ದಾಟಿದರು?’ ಎಂದು ಹಿಂದಕ್ಕೆ ಹೋಗಿ ಮತ್ತೆ ಕೇಳಬೇಕೆನಿಸುತ್ತದೆ. ಕೇಳಿ. ಗಡಿಯನ್ನು ನಿಮಿಷ ಸೆಕೆಂಡಿನಲ್ಲಿ ಗುರುತಿಸಲು ಹೊರಟರೆ ಪ್ರತಿ ಸಲವೂ ಬೇರೆ ಜಾಗ ಸಿಗುತ್ತದೆ.

‘ಫೈರ್’ ಇಡೀ ಹಾಡಿಗೆ ಇರುವುದು ಎರಡೇ ಕಾರ್ಡು. ಅಷ್ಟು ಕಡಿಮೆ ಸಾಮಗ್ರಿಯಲ್ಲಿ ಹದಿನೈದು ನಿಮಿಷ ಬೇಸರವಾಗದ ಹಾಗೆ ನುಡಿಸುವುದು ಹೇಗೆ ಎಂದು ನಮ್ಮ ತಬಲಾ, ಮೃದಂಗದವರಿಗೆ ಹೇಳಿಕೊಡಬೇಕಾಗಿಲ್ಲ. ಅಂದಹಾಗೆ ಈ ಹಾಡಿಗೆ ಭಾರತದ ನಂಟೂ ಇದೆ. ಮಿಕಿ ಹಾರ್ಟ್ ಕ್ಯಾಲಿಫೋರ್ನಿಯಾದ ಅಲಿ ಅಕ್ಬರ್ ಕಾಲೇಜಿನ ಉಸ್ತಾದ್ ಜಾಕಿರ್ ಹುಸೇನ್ ಮತ್ತು ಶಿಷ್ಯರ ಜೊತೆ ಸೇರಿ ‘ದೀಗಾ ರಿದಮ್ ಬ್ಯಾಂಡ್’ ಕಟ್ಟಿದ್ದ. 1976ರ ಅವರ ಆಲ್ಬಮಿನಲ್ಲಿ ‘ಹ್ಯಾಪಿನೆಸ್ ಈಸ್ ಡ್ರಮಿಂಗ್’ ಎಂಬ ತುಣುಕಿದೆ. ಮಾತಿಲ್ಲದ ಅದೇ ಮುಂದೆ ‘ಫೈರ್ ಆನ್ ದ ಮೌಂಟನ್’ ಆಯಿತು. ಗಾರ್ಸಿಯಾ ಅದರಲ್ಲೂ ಗಿಟಾರು ನುಡಿಸಿದ್ದಾನೆ. ಎರಡನ್ನೂ ಒಂದಾದ ಮೇಲೊಂದು ಹಾಕಿ ನೋಡಿ.

9. ಏಳನ್ನು ಎಣಿಸಿ

ಮುಂದಿನದು ‘ಎಸ್ಟಿಮೇಟೆಡ್ ಪ್ರಾಫೆಟ್’, ವಿಯರ್‌ನ ಹಾಡು. ರೆಗ್ಗೆಯಂತೆ ಕೇಳುತ್ತದೆ, ಆದರೆ ಕಾಲು ತಟ್ಟಲು ಹೋದರೆ ಎಡವುತ್ತೀರಿ. ಏಳರ ಲೆಕ್ಕ ಅದು. ಮಿಶ್ರಚಾಪು ಗೊತ್ತಿದ್ದವರು ‘ತಕಿಟ ತಕದಿಮಿ’ ಹೇಳಿಕೊಳ್ಳುತ್ತ ಸಮ ಹಿಡಿಯಿರಿ, ಒಳಗಿನ ಒತ್ತುಗಳು ಹೊಂದದಿದ್ದರೂ ಏಳು ಹೊಂದುತ್ತದೆ. ಕನ್ನಡದ ಕೇಳುಗನಿಗೆ ಅಮೆರಿಕದವನಿಗಿಂತ ಒಂದು ಹೆಜ್ಜೆ ಮುಂದಿರುವ ಜಾಗ ಇದು. ಗಾರ್ಸಿಯಾನ ಗಿಟಾರು ಇಲ್ಲಿ ಬಾಯಿ ತೆರೆದು ಮುಚ್ಚಿದ ಹಾಗೆ ‘ವ್ಯಾ, ವ್ಯಾ’ ಎನ್ನುತ್ತದೆ. ಮೀಟಿನ ಜೋರಿಗೆ ತಕ್ಕಂತೆ ಸದ್ದನ್ನು ಬದಲಿಸುವ ಮ್ಯೂಟ್ರಾನ್ ಎಂಬ ಪೆಡಲಿನ ಕೆಲಸ ಅದು.

10. ಕುಂದುಗಳನ್ನು ಕತ್ತರಿಸಬೇಡಿ

ಹಾಡಿನ ನಡುವಿನ ಶ್ರುತಿ ಮಾಡಿಕೊಳ್ಳುವಿಕೆ, ಮರೆತುಹೋದ ಸಾಲು, ಒಬ್ಬ ಬೇಗ ಶುರುಮಾಡಿ ಇನ್ನೊಬ್ಬ ತಡವಾಗಿ ಸೇರಿಕೊಂಡದ್ದು, ಎಲ್ಲವನ್ನೂ ಕೇಳಿ. ಗಾರ್ಸಿಯಾ, ವಿಯರ್ ಇಬ್ಬರೂ ಸಾಹಿತ್ಯ ಮರೆಯುವುದರಲ್ಲಿ ಹೆಸರುವಾಸಿ. ಎಡವಿದ ಮೇಲಿನ ನಾಲ್ಕು ಸೆಕೆಂಡಿನಲ್ಲಿ ಉಳಿದವರು ಹೇಗೆ ಎತ್ತಿಹಿಡಿದರು ಎಂಬುದರಲ್ಲಿ ಬ್ಯಾಂಡಿನ ಒಗ್ಗಟ್ಟು ಗೊತ್ತಾಗುತ್ತದೆ.

ಕಾರ್ನೆಲ್ ಆಲ್ಬಮಿನಲ್ಲಿ ‘ಟೇಕ್ ಎ ಸ್ಟೆಪ್ ಬ್ಯಾಕ್’ ಎಂಬ ಪುಟ್ಟ ತುಣುಕಿದೆ. ಹಾಡಲ್ಲ. ವೇದಿಕೆಯ ಮುಂದೆ ನೂಕುನುಗ್ಗಲಾಗಿ ಮುಂದಿನವರು ಜಜ್ಜಿಹೋಗುತ್ತಿದ್ದಾರೆ, ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿಯಿರಿ ಎಂದು ಬ್ಯಾಂಡಿನವರು ಆಟದ ಧಾಟಿಯಲ್ಲಿ ಕೇಳಿಕೊಳ್ಳುವುದು. ಅದನ್ನು ತೆಗೆದುಹಾಕದೆ ಉಳಿಸಿದವರಿಗೆ ನಮಸ್ಕಾರ. ಅದರ ಬೆನ್ನಿಗೇ ‘ಸ್ಕಾರ್ಲೆಟ್’ ಶುರುವಾಗುತ್ತದೆ.

ಡಾನಾ ಜೀನ್‌ಳ ಬಗ್ಗೆ ಒಂದು ಮಾತು. ಅವಳ ಶ್ರುತಿ ತಪ್ಪಿತು ಎಂದು ಗೇಲಿ ಮಾಡುವುದು ಡೆಡ್‌ಹೆಡ್‌ಗಳಿಗೆ ಹಳೆಯ ಚಟ. ಪರ್ಸಿ ಸ್ಲೆಜ್, ಎಲ್ವಿಸ್ ಪ್ರೀಸ್ಲಿಯಂಥವರ ಪ್ರಸಿದ್ಧ ಹಾಡುಗಳಿಗೆ ಸ್ಟುಡಿಯೋದಲ್ಲಿ ಸಹಗಾಯನ ಮಾಡಿದವಳು ಅವಳು. ಈ ಬ್ಯಾಂಡಿನ ವೇದಿಕೆಯ ಅಬ್ಬರದಲ್ಲಿ ತನ್ನ ದನಿ ತನಗೇ ಕೇಳಿಸುತ್ತಿರಲಿಲ್ಲ. ಅದು ಗೊತ್ತಿದ್ದು ಕೇಳುವುದು ನ್ಯಾಯ.

ಇದಕ್ಕೆ ತದ್ವಿರುದ್ಧ ‘ಯೂರೋಪ್ ’72’ ಎಂಬ ಖ್ಯಾತ ಆಲ್ಬಂ. ಲೈವ್ ಎಂಬ ಹೆಸರಿದ್ದರೂ ಕಂಠವನ್ನು ಆಮೇಲೆ ಸ್ಟುಡಿಯೋದಲ್ಲಿ ತಿದ್ದಿ ಹಾಡಿ ಸೇರಿಸಿದ್ದಾರೆ. ಸೊಗಸಾಗಿದೆ, ಅನುಮಾನವಿಲ್ಲ. ಆದರೆ ಪಾಠಕ್ಕೆ ಆಗದು.

11. ಸೆಟ್ಟಿನ ಕೊನೆಯ ಹಾಡನ್ನು ಬಿಡಿಯಾಗಿ ಕೇಳಬೇಡಿ

ಎರಡನೆಯ ಸೆಟ್ಟಿನ ಕೊನೆಗೆ ‘ಸೇಂಟ್ ಸ್ಟೀಫನ್’, ಅದರೊಳಗಿಂದ ಬಡ್ಡಿ ಹಾಲಿಯ ‘ನಾಟ್ ಫೇಡ್ ಅವೇ’, ಮರಳಿ ‘ಸೇಂಟ್ ಸ್ಟೀಫನ್’, ಅಲ್ಲಿಂದ ‘ಮಾರ್ನಿಂಗ್ ಡ್ಯೂ’. ಕೆನಡಾದ ಬಾನಿ ಡಾಬ್ಸನ್ ಅಣುಯುದ್ಧದ ನಂತರದ ಜಗತ್ತನ್ನು ನೆನೆದು ಬರೆದ ಹಾಡು ಅದು. ಗಾರ್ಸಿಯಾ ದನಿ ತಗ್ಗಿಸಿ ಹಾಡುತ್ತಾನೆ, ಸದ್ದು ಇನ್ನೇನು ಆರಿಹೋಯಿತು ಎನ್ನುವಷ್ಟು ಇಳಿಯುತ್ತದೆ. ಅಲ್ಲಿಂದ ಗಿಟಾರು ಆತುರವಿಲ್ಲದೆ ಒಂದೊಂದೇ ಮೆಟ್ಟಿಲು ಏರುತ್ತದೆ. ತುದಿ ಮುಟ್ಟಿದಾಗ ಬಿಡಿ ಸ್ವರಗಳನ್ನೇ ಬಿಟ್ಟು, ಎಲ್ಲ ತಂತಿಗಳನ್ನೂ ಒಟ್ಟಿಗೆ ವೇಗವಾಗಿ ಬೀಸತೊಡಗುತ್ತಾನೆ, ಇಬ್ಬರು ಡ್ರಮ್ಮಿಗರೂ ಜೊತೆಗೆ ಧುಮುಕುತ್ತಾರೆ.

ಇದನ್ನೊಂದೇ ಕತ್ತರಿಸಿ ತೆಗೆದು ಕೇಳಿದವರು ‘ಚೆನ್ನಾಗಿದೆ’ ಎನ್ನುತ್ತಾರೆ. ಎರಡು ಗಂಟೆ ಜೊತೆಗಿದ್ದು ಇಲ್ಲಿಗೆ ಬಂದವರು ಬೇರೆ ಏನನ್ನೋ ಕೇಳುತ್ತಾರೆ, ಆ ಹೊತ್ತಿಗೆ ಎಲ್ಲರ ಕೈಯೂ ಅವರಿಗೆ ಗೊತ್ತಿರುತ್ತದೆ.

12. ಹಿಂದಿನ ರಾತ್ರಿ, ಮರುರಾತ್ರಿ ಎರಡನ್ನೂ ಕೇಳಿ

ಮೇ 7ರಂದು ಬಾಸ್ಟನ್, ಮೇ 9ರಂದು ಬಫಲೊ. ಎರಡೂ 2017ರಲ್ಲೇ ಬಂದ ಬಾಕ್ಸ್ ಸೆಟ್ಟಿನಲ್ಲಿ ಸಿಗುತ್ತವೆ. ಬಫಲೊ ಕಛೇರಿ ಶುರುವಾಗುವುದೇ ‘ಹೆಲ್ಪ್ ಆನ್ ದ ವೇ’, ‘ಸ್ಲಿಪ್‌ನಾಟ್’, ‘ಫ್ರಾಂಕ್ಲಿನ್ಸ್ ಟವರ್’ ಎಂಬ ಮೂರು ಹಾಡಿನ ಸರಪಳಿಯಿಂದ. ಕಾರ್ನೆಲ್‌ಗಿಂತ ಅದೇ ಮೇಲು ಎನ್ನುವವರು ಕಡಿಮೆಯಿಲ್ಲ. ಮೊದಲ ಅರ್ಧ ಗಂಟೆಯ ಮಟ್ಟಿಗೆ ನಾನೂ ಅವರ ಕಡೆಯೇ.

ಹತ್ತಿರದ ರಾತ್ರಿಗಳು ಸಾಕೆನಿಸಿದರೆ ದೂರದವನ್ನು ಹಿಡಿಯಿರಿ. 1969ರ ‘ಲೈವ್/ಡೆಡ್’ ಆಲ್ಬಮಿನ ‘ಡಾರ್ಕ್ ಸ್ಟಾರ್’ ಇಪ್ಪತ್ತಮೂರು ನಿಮಿಷ, ಅಲ್ಲಿ ತಾಳವೇ ಆಗಾಗ ಕರಗಿಹೋಗುತ್ತದೆ. 1972ರ ಆಗಸ್ಟ್ 27ರಂದು ಆರೆಗನ್‌ನ ವೆನೀಟಾದಲ್ಲಿ ಸುಡುಬಿಸಿಲಿನಲ್ಲಿ ನುಡಿಸಿದ್ದು ಇನ್ನೊಂದೇ ಬಗೆ, ಆಗ ಡ್ರಮ್ಸಿಗೆ ಒಬ್ಬನೇ. ಬ್ಯಾಂಡು ಅದೇ, ಐದು ವರ್ಷಕ್ಕೊಮ್ಮೆ ಬೇರೆಯದೇ ಬ್ಯಾಂಡು.

ಕೇಳಿದ್ದನ್ನು ನಾಲ್ಕು ಸಾಲು ಗೀಚಿಡಿ. ಹತ್ತಕ್ಕೆ ಒಂಬತ್ತು, ಐದಕ್ಕೆ ನಾಲ್ಕು ಎಂದು ಅಂಕ ಹಾಕುವುದು ಬೇಡ, ಅದರಿಂದ ಮುಂದಿನ ಸಲಕ್ಕೆ ಏನೂ ಉಪಯೋಗವಿಲ್ಲ. ‘ಒಂಬತ್ತನೇ ನಿಮಿಷ, ಬಾಸ್ ಮೊದಲು ತಿರುಗಿತು’ ಎಂಬಂಥ ಟಿಪ್ಪಣಿ ಬೇಕು. ನೀವೇ ನುಡಿಸುವವರಾಗಿದ್ದರೆ ಇದು ಇನ್ನೂ ಅಗತ್ಯ. ಬ್ಯಾಂಡಿನ ಮೊದಲ ಧ್ವನಿತಂತ್ರಜ್ಞ ಔಸ್ಲಿ ಸ್ಟ್ಯಾನ್ಲಿ ಕಛೇರಿಗಳನ್ನು ಟೇಪು ಮಾಡಲು ಹೊರಟದ್ದು ಮಾರುವುದಕ್ಕಲ್ಲ. ತಾನು ಕೂಡಿಸಿದ ಧ್ವನಿ ಸರಿಯಿತ್ತೇ ಎಂದು ಆಮೇಲೆ ಕೇಳಿ ತಿದ್ದಿಕೊಳ್ಳುವುದಕ್ಕೆ. ತನ್ನ ಟೇಪುಗಳನ್ನು ಆತ ದಿನಚರಿ ಎಂದೇ ಕರೆಯುತ್ತಿದ್ದ. ಬೆಂಗಳೂರಿನ ಯಾವುದೋ ಗ್ಯಾರೇಜಿನಲ್ಲಿ ನುಡಿಸುವ ಹುಡುಗರೂ ಫೋನನ್ನು ಮೂಲೆಯಲ್ಲಿಟ್ಟು ಇದನ್ನು ಮಾಡಬಹುದು. ಒಂದೇ ಷರತ್ತು: ಮೊದಲ ಸಲ ಕೇಳುವಾಗ ಪ್ರತಿಯೊಬ್ಬರೂ ತನ್ನದನ್ನು ಬಿಟ್ಟು ಪಕ್ಕದವನ ವಾದ್ಯವನ್ನು ಕೇಳಬೇಕು.

13. ಕೇಳಿದ್ದನ್ನು ಹಂಚಿ, ದುಡ್ಡು ಮುಟ್ಟಬೇಡಿ

ಕ್ಯಾಸೆಟ್ಟಿನ ಕಾಲದಲ್ಲಿ ಈ ಕಛೇರಿಗಳು ಹರಡಿದ್ದು ಅಂಚೆಯಲ್ಲಿ. ತೊಂಬತ್ತು ನಿಮಿಷದ ಕ್ಯಾಸೆಟ್ಟಿಗೆ ನಕಲು ಮಾಡಿ ಕಳಿಸುತ್ತಿದ್ದರು. ನಕಲಿನ ನಕಲಾದಂತೆ ‘ಹಿಸ್’ ಎಂಬ ಸದ್ದು ಏರುತ್ತಿತ್ತು, ಆದ್ದರಿಂದ ಎಷ್ಟನೆಯ ತಲೆಮಾರಿನ ಟೇಪು ಎಂದು ಕೇಳುವುದು ವಾಡಿಕೆ. ಕೊಡಲು ತನ್ನಲ್ಲಿ ಏನೂ ಇಲ್ಲದ ಹೊಸಬ ಖಾಲಿ ಕ್ಯಾಸೆಟ್ಟು ಮತ್ತು ಅಂಚೆವೆಚ್ಚ ಕಳಿಸಿದರೆ, ಗುರುತೇ ಇಲ್ಲದ ಯಾರೋ ತುಂಬಿಸಿ ವಾಪಸು ಕಳಿಸುತ್ತಿದ್ದರು. ಲಾಭಕ್ಕೆ ಮಾರಿದವನನ್ನು ಯಾರೂ ಹತ್ತಿರ ಸೇರಿಸುತ್ತಿರಲಿಲ್ಲ.

ಈಗ ಇಂಟರ್ನೆಟ್ ಆರ್ಕೈವಿನಲ್ಲಿ ಸಾವಿರಾರು ಮುದ್ರಣಗಳು ಪುಕ್ಕಟೆಯಾಗಿವೆ. 2005ರ ಕೊನೆಯಿಂದ ಸೌಂಡ್‌ಬೋರ್ಡುಗಳನ್ನು ಅಲ್ಲೇ ಕೇಳಬಹುದು, ಇಳಿಸಿಕೊಳ್ಳುವಂತಿಲ್ಲ. ಸಭೆಯ ಟೇಪುಗಳನ್ನು ಇಳಿಸಿಕೊಳ್ಳಬಹುದು. ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂ ಕಡೆ ಕೆಲಸಕ್ಕಿರುವ ನಮ್ಮವರು ದಿನವೂ ಹಾಯುವ ಶೋರ್‌ಲೈನ್ ಬಯಲು ರಂಗಮಂದಿರದಲ್ಲೂ ಈ ಬ್ಯಾಂಡು ಹಲವು ಸಲ ನುಡಿಸಿದೆ. ಅಲ್ಲಿನ ಟೇಪುಗಳೂ ಆರ್ಕೈವಿನಲ್ಲಿವೆ.

ಮೊದಲ ಸಲಕ್ಕೆ ಎರಡೂವರೆ ಗಂಟೆ ಬಿಡುವಿಲ್ಲದಿದ್ದರೆ ಎರಡನೆಯ ಸೆಟ್ಟಿನ ಆಸೆಗೆ ಬೀಳದೆ, ಮೊದಲ ಸೆಟ್ಟನ್ನು ಇವತ್ತು ಕೇಳಿ, ಎರಡನೆಯದನ್ನು ನಾಳೆಗೆ ಇಟ್ಟುಕೊಳ್ಳಿ.